ಶ್ರೀರಂಗಪಟ್ಟಣ ಸೀಮೆಯ ಸ್ಮಾರಕಗಳು, ಗೋರಿಗಳು, ವೀರಗಲ್ಲುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಶ್ರೀರಂಗಪಟ್ಟಣಕ್ಕೆ ಬರುವವರು ರಂಗನಾಥನ ದರ್ಶನ ಮಾಡಿ, ದರಿಯಾ ದೌಲತ್ ನೋಡಿ, ಸಂಗಮದಲ್ಲಿ ಕಾಲು ತೊಳೆದುಕೊಂಡು ಮೈಸೂರಿನ ಬಸ್ಸು ಹತ್ತಿಬಿಡುತ್ತಾರೆ. ಸತ್ತವರ ಹೆಸರು ಹೊತ್ತ ಕಲ್ಲುಗಳು ಇಲ್ಲಿ ಎಷ್ಟಿವೆ ಎಂದು ತಿರುಗಿ ನೋಡುವವರು ಕಡಿಮೆ. ಈ ಸೀಮೆಯ ಕಲ್ಲುಗಳನ್ನು ಹುಡುಕಿಕೊಂಡು ಓಡಾಡುವ ನನ್ನನ್ನು ನೆಂಟರು, ಪರಿಚಯದವರು, ದಾರಿಯಲ್ಲಿ ಸಿಕ್ಕವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವಕ್ಕೆ ಉತ್ತರ ಇಲ್ಲಿದೆ.

ಯಾವ ಊರುಗಳ ಬಗ್ಗೆ ಹೇಳುತ್ತಿದ್ದೀರಿ?

ಹೆಚ್ಚಿನ ಮಾತು ಶ್ರೀರಂಗಪಟ್ಟಣ ತಾಲ್ಲೂಕಿನದು. ಜೊತೆಗೆ ಮಂಡ್ಯ ಜಿಲ್ಲೆಯ ಪಾಂಡವಪುರ, ಮದ್ದೂರು, ಕೃಷ್ಣರಾಜಪೇಟೆ ಕಡೆಯದೂ ಸ್ವಲ್ಪ ಇದೆ. ಕಬ್ಬು, ಭತ್ತ, ನಾಲೆ ನೀರಿನ ಊರುಗಳು ಇವು. ಒಂದು ಮಾತು ನೆನಪಿರಲಿ: ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಅದಕ್ಕೂ ಮುಂಚಿನ ದಾಖಲೆ ಹುಡುಕುವವರು ಮೈಸೂರು ಜಿಲ್ಲೆ ಎಂದು ಹುಡುಕಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ "ನಮ್ಮೂರಿನದು ಏನೂ ಇಲ್ಲ" ಎಂದು ಕೈಬಿಟ್ಟದ್ದನ್ನು ನೋಡಿದ್ದೇನೆ.

ನನಗೆ ಒಂದೇ ದಿನ ಇದೆ. ಯಾವ ಕ್ರಮದಲ್ಲಿ ನೋಡಲಿ?

ಬೆಳಿಗ್ಗೆ ಬೇಗ ಬನ್ನಿ. ರೈಲಿನಲ್ಲಿ ಬಂದರೆ ಇನ್ನೂ ಒಳ್ಳೆಯದು, ನಿಲ್ದಾಣದಿಂದ ದೇವಸ್ಥಾನಕ್ಕೆ ನಡೆದೇ ಹೋಗಬಹುದು. ಮೊದಲು ಕೋಟೆಯ ಒಳಗಿನದು ಮುಗಿಸಿ: ರಂಗನಾಥಸ್ವಾಮಿ ದೇವಸ್ಥಾನ, ಟಿಪ್ಪುವಿನ ಶವ ಸಿಕ್ಕ ಜಾಗ, ಬೇಯ್ಲಿ ಸೆರೆಮನೆ, ವಾಯವ್ಯ ಮೂಲೆಯಲ್ಲಿ ಗೋಡೆ ಒಡೆದ ಜಾಗ ಮತ್ತು ಅಲ್ಲಿನ ಸ್ಮಾರಕ ಸ್ತಂಭ. ಬಿಸಿಲೇರಿದ ಮೇಲೆ ದರಿಯಾ ದೌಲತ್ ಒಳಗೆ ಸೇರಿಕೊಳ್ಳಿ. ಅಲ್ಲಿಂದ ಆಟೋದಲ್ಲಿ ಗಂಜಾಮಿನ ಕಡೆ ಹೊರಟರೆ ಅಬ್ಬೆ ದುಬಾಯ್ ಇಗರ್ಜಿ, ಗುಂಬಜ್, ಸಂಗಮ. ಗ್ಯಾರಿಸನ್ ಸ್ಮಶಾನವನ್ನು ಸಂಜೆಗೆ ಇಟ್ಟುಕೊಳ್ಳಿ. ಓರೆ ಬಿಸಿಲು ಬಿದ್ದಾಗ ಅಕ್ಷರ ಎದ್ದು ಕಾಣುತ್ತದೆ.

ಹೊಸ ಬೆಂಗಳೂರು-ಮೈಸೂರು ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುತ್ತದೆ. ಕಾರಿನಲ್ಲಿ ಬರುವವರು ಮರೆಯದೆ ಹಳೇ ರಸ್ತೆಗೆ ಇಳಿಯಬೇಕು.

ಗುಂಬಜ್‌ನಲ್ಲಿ ಯಾರ್ಯಾರ ಸಮಾಧಿ ಇದೆ?

ಒಳಗೆ ಮೂರು. ನಡುವೆ ಹೈದರಾಲಿ, ಅಕ್ಕಪಕ್ಕ ಹೆಂಡತಿ ಫಕ್ರುನ್ನಿಸಾ ಮತ್ತು ಮಗ ಟಿಪ್ಪು ಸುಲ್ತಾನ್. ಹೈದರ್ 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿ ದಂಡಿನ ಬೀಡಿನಲ್ಲಿ ತೀರಿಕೊಂಡ. ದೇಹವನ್ನು ಮೊದಲು ಕೋಲಾರದಲ್ಲಿ ಇಟ್ಟು ಆಮೇಲೆ ಇಲ್ಲಿಗೆ ತಂದರು. ಕಟ್ಟಡ ಕಟ್ಟಿಸಿದವನು ಟಿಪ್ಪು, ತಂದೆ ತಾಯಿಗಾಗಿ. ಹದಿನೈದು ವರ್ಷದ ಮೇಲೆ ಅವನನ್ನೂ ಅದೇ ಸೂರಿನ ಕೆಳಗೆ ಮಲಗಿಸಿದರು.

ಸುತ್ತಲೂ ನುಣುಪಾದ ಕರಿಕಲ್ಲಿನ ಕಂಬಗಳು. ದಂತದ ಕುಸುರಿಯಿರುವ ಕರಿಮರದ ಬಾಗಿಲುಗಳನ್ನು 1855ರಲ್ಲಿ ಡಾಲ್‌ಹೌಸಿ ಕೊಡಿಸಿದ್ದು. ಒಳಗಿನ ಗೋಡೆಗೆ ಬಳಿದಿರುವುದು ಹುಲಿಪಟ್ಟೆ. ಒಳಹೊಕ್ಕ ತಕ್ಷಣ ಕತ್ತಲೆಗೆ ಕಣ್ಣು ಹೊಂದಿಕೊಳ್ಳುವವರೆಗೂ ಸುಮ್ಮನೆ ನಿಂತುಕೊಳ್ಳಿ, ಪಟ್ಟೆಗಳು ಒಂದೊಂದಾಗಿ ಮೂಡುತ್ತವೆ. ಹೊರಗೆ ಜಗಲಿಯ ಮೇಲೂ ಅಂಗಳದಲ್ಲೂ ಬಂಧುಗಳ, ಸರದಾರರ ಗೋರಿಗಳು ಸಾಲಾಗಿವೆ. ಅವನ್ನು ದಾಟಿಕೊಂಡು ಹೋಗಬೇಡಿ, ಸುತ್ತು ಹಾಕಿ.

ಟಿಪ್ಪುವಿನ ಮಕ್ಕಳ ಗೋರಿ ಇಲ್ಲಿ ಹುಡುಕಬೇಡಿ. ಅವರನ್ನು ಮೊದಲು ವೆಲ್ಲೂರಿಗೆ, 1806ರ ವೆಲ್ಲೂರು ದಂಗೆಯ ನಂತರ ಕಲ್ಕತ್ತಕ್ಕೆ ಸಾಗಿಸಿದರು. ಆ ಸಂತತಿ ಬೆಳೆದದ್ದೂ ಮಣ್ಣಾದದ್ದೂ ಕಲ್ಕತ್ತದ ಟಾಲಿಗಂಜ್ ಕಡೆ.

ಟಿಪ್ಪು ಸತ್ತ ಜಾಗ ಇದೇನಾ? ಇಷ್ಟು ಚಿಕ್ಕದಾಗಿದೆಯಲ್ಲ?

ಹೌದು. ಸುತ್ತ ಬೇಲಿ, ನಡುವೆ ಒಂದು ಬರಹದ ಕಲ್ಲು, ಅಷ್ಟೇ. 1799ರ ಮೇ 4ರಂದು ಮಧ್ಯಾಹ್ನ ಇಂಗ್ಲಿಷರ ದಂಡು ನದಿ ದಾಟಿ, ಫಿರಂಗಿಯಿಂದ ಒಡೆದ ಗೋಡೆಯ ಮೂಲಕ ನುಗ್ಗಿತು. ಟಿಪ್ಪು ಹೋರಾಡುತ್ತಲೇ ಹೊಳೆಬಾಗಿಲಿನ ಕಡೆ ಬಂದು ಅಲ್ಲೇ ಬಿದ್ದ. ರಾತ್ರಿ ದೀವಟಿಗೆ ಬೆಳಕಿನಲ್ಲಿ ಹೆಣಗಳ ರಾಶಿಯಲ್ಲಿ ಹುಡುಕಿ ಅವನನ್ನು ಗುರುತಿಸಿದರು. ಮಾರನೆಯ ದಿನ ಸೇನಾ ಗೌರವದೊಂದಿಗೆ ಗುಂಬಜ್‌ಗೆ ಮೆರವಣಿಗೆ. ಅಂದು ಸಂಜೆ ಭಾರೀ ಗುಡುಗು ಸಿಡಿಲಿನ ಮಳೆ ಸುರಿಯಿತೆಂದು ನೋಡಿದವರು ಬರೆದಿಟ್ಟಿದ್ದಾರೆ.

ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್. ಇವನು 1780ರಲ್ಲಿ ಹೈದರ್, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ ಪೊಲ್ಲಿಲೂರು ಕದನದಲ್ಲಿ ಸಿಕ್ಕಿಬಿದ್ದು ಇದೇ ಊರಿನಲ್ಲಿ ಮೂರೂವರೆ ವರ್ಷಕ್ಕೂ ಮೇಲ್ಪಟ್ಟು ಸೆರೆಯಲ್ಲಿದ್ದವನು. ಸೆರೆಯಾಳಾಗಿ ನೋಡಿದ್ದ ಕೋಟೆಗೆ ಹತ್ತೊಂಬತ್ತು ವರ್ಷದ ಮೇಲೆ ಅವನೇ ಏಣಿ ಹಾಕಿದ.

ಬೇಯ್ಲಿ ಸೆರೆಮನೆಯಲ್ಲೇ ಬೇಯ್ಲಿಯ ಸಮಾಧಿ ಇದೆಯೇ?

ಇಲ್ಲ. ಕರ್ನಲ್ ವಿಲಿಯಂ ಬೇಯ್ಲಿ ಪೊಲ್ಲಿಲೂರಿನಲ್ಲಿ ಸೋತ ದಂಡಿನ ದಳಪತಿ. 1782ರ ನವೆಂಬರ್‌ನಲ್ಲಿ ಸೆರೆಯಲ್ಲಿದ್ದಾಗಲೇ ಸತ್ತ. ಅವನ ಹೆಸರಿನ ಸ್ಮಾರಕವಿರುವುದು ಗುಂಬಜ್ ಹತ್ತಿರ. 1816ರಲ್ಲಿ ಲಖನೌ ದರ್ಬಾರಿನಲ್ಲಿ ರೆಸಿಡೆಂಟ್, ಅಂದರೆ ಕಂಪನಿಯ ಪ್ರತಿನಿಧಿ ಆಗಿದ್ದ ಅಣ್ಣನ ಮಗ ಅದನ್ನು ಕಟ್ಟಿಸಿದ. ಗುಂಬಜ್ ನೋಡಿ ಬರುವ ನೂರು ಜನರಲ್ಲಿ ಒಬ್ಬರೂ ಅತ್ತ ತಿರುಗುವುದಿಲ್ಲ. ಗೆದ್ದವನ ಸಮಾಧಿಯಿಂದ ಸೋತವನ ಸ್ಮಾರಕಕ್ಕೆ ಒಂದು ಕೂಗಳತೆ. ಎರಡನ್ನೂ ನೋಡಿದರೆ ಪೊಲ್ಲಿಲೂರು ಪೂರ್ತಿಯಾಗುತ್ತದೆ. ಆ ಕದನದ ದೊಡ್ಡ ಚಿತ್ರ ದರಿಯಾ ದೌಲತ್‌ನ ಪಡುವಣ ಗೋಡೆಯ ಮೇಲಿದೆ, ಅದರಲ್ಲಿ ಪಲ್ಲಕ್ಕಿಯಲ್ಲಿ ಕೂತಿರುವವನೇ ಬೇಯ್ಲಿ.

ಸೆರೆಮನೆ ನದಿ ಪಕ್ಕದ ತಗ್ಗಿನಲ್ಲಿದೆ. ಉದ್ದ ಸುಮಾರು 30 ಮೀಟರ್, ಅಗಲ 12 ಮೀಟರ್. ಗೋಡೆಯಿಂದ ಹೊರಚಾಚಿದ ಕಲ್ಲುಗಳಲ್ಲಿ ತೂತುಗಳಿವೆ, ಸೆರೆಯಾಳುಗಳ ಕೈಗೆ ಸರಪಳಿ ಬಿಗಿಯಲಿಕ್ಕೆ. ಒಂದು ಕಲ್ಲಿಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನೋಡಿ, ಐದು ನಿಮಿಷಕ್ಕೆ ಹೆಗಲು ಸೋಲುತ್ತದೆ.

ಹಳೇ ಹೆದ್ದಾರಿ ಹತ್ತಿರ, ಕಾವೇರಿ ದಡದಲ್ಲಿರುವ ಗೋರಿಗಳು ಯಾರವು?

ಅದು ಗ್ಯಾರಿಸನ್ ಸ್ಮಶಾನ. ರಸ್ತೆಯಿಂದ ಮುನ್ನೂರು ಮೀಟರ್ ಒಳಕ್ಕೆ ಹೋದರೆ ಸಿಗುತ್ತದೆ. 1799ರಲ್ಲಿ ಕೋಟೆ ಬಿದ್ದ ಮೇಲೆ ಇಲ್ಲಿ ಉಳಿದ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ ದಂಡಿನವರು, ಅವರ ಹೆಂಡಿರು ಮಕ್ಕಳು ಮಲಗಿರುವ ಜಾಗ. ಒಟ್ಟು ಮುನ್ನೂರರಷ್ಟು ಗೋರಿಗಳಿವೆ. ಗೋಪುರದಂಥವು, ಪೆಟ್ಟಿಗೆಯಂಥವು, ಮೊನೆಗಂಬದಂಥವು. ಇಟ್ಟಿಗೆ ಗಾರೆಯ ಕೆಲಸ, ಕೆಲವಕ್ಕೆ ಮಾತ್ರ ಬರಹದ ಫಲಕ.

ಇಲ್ಲಿರುವವರೆಲ್ಲ ಇಂಗ್ಲಿಷರಲ್ಲ, ಇದನ್ನು ಒತ್ತಿ ಹೇಳಬೇಕು. ಬಹಳಷ್ಟು ಜನ ದ ಮ್ಯೂರೋನ್ ಎಂಬ ಸ್ವಿಸ್ ರೆಜಿಮೆಂಟಿನವರು. ಅದರ ಕಥೆ ಸ್ವಲ್ಪ ಸುತ್ತುಬಳಸಿನದು. 1781ರಲ್ಲಿ ನ್ಯೂಶಾಟೆಲ್ ಊರಿನ ಶಾರ್ಲ್ ದಾನಿಯೆಲ್ ದ ಮ್ಯೂರೋನ್ ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಬಾಡಿಗೆ ಪಡೆ ಕಟ್ಟಿದ. ಅದು ಆಫ್ರಿಕಾದ ಕೇಪ್‌ಗೆ, ಅಲ್ಲಿಂದ ಸಿಲೋನಿಗೆ ಹೋಯಿತು. 1795ರಲ್ಲಿ ಇಡೀ ಪಡೆ ಡಚ್ಚರನ್ನು ಬಿಟ್ಟು ಬ್ರಿಟಿಷರ ಸಂಬಳಕ್ಕೆ ಸೇರಿತು. ನಾಲ್ಕು ವರ್ಷದ ಮೇಲೆ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿತ್ತು. 1806ರಲ್ಲಿ ಇಂಡಿಯಾ ಬಿಟ್ಟು, ಕಡೆಗೆ ಕೆನಡಾದಲ್ಲಿ ವಿಸರ್ಜನೆಯಾಯಿತು. ಆಲ್ಪ್ಸ್ ಬೆಟ್ಟದ ಮಗ್ಗುಲಿನಲ್ಲಿ ಹುಟ್ಟಿದ ಹುಡುಗ ಕಾವೇರಿ ದಡದ ಕೆಮ್ಮಣ್ಣಿನಲ್ಲಿ ಮಲಗಿದ್ದು ಹೀಗೆ. ಅವರಿಗೆ ಟಿಪ್ಪುವಿನ ಮೇಲೆ ಯಾವ ಹಗೆಯೂ ಇರಲಿಲ್ಲ, ಇಂಗ್ಲೆಂಡಿನ ಮೇಲೆ ಯಾವ ಭಕ್ತಿಯೂ ಇರಲಿಲ್ಲ. ತಿಂಗಳ ಸಂಬಳ ಇತ್ತು.

ಬಹಳ ವರ್ಷ ಮುಳ್ಳುಕಂಟಿಯಲ್ಲಿ ಮುಚ್ಚಿಹೋಗಿದ್ದ ಜಾಗವಿದು. 2000ರ ದಶಕದ ಕೊನೆಗೆ ಮ್ಯೂರೋನ್ ವಂಶದವರ ನೆರವಿನಿಂದ ದುರಸ್ತಿಯಾಯಿತು. ಒಳಗೆ ಹೋದಾಗ ದೊಡ್ಡ ಗೋರಿಗಳನ್ನಷ್ಟೇ ನೋಡಿ ಬರಬೇಡಿ. ಮೊಣಕಾಲೆತ್ತರಕ್ಕೂ ಇಲ್ಲದ, ಒಂದು ತೊಟ್ಟಿಲಿನಷ್ಟು ಉದ್ದದ ಗೋರಿಗಳಿವೆ. ನಾನು ಮೊದಲ ಸಲ ಹೋದಾಗ ಅದರಲ್ಲೊಂದನ್ನು ಕೂರುವ ಕಟ್ಟೆ ಅಂದುಕೊಂಡು ಚೀಲ ಇಟ್ಟಿದ್ದೆ. ತಿಳಿದ ಮೇಲೆ ಚೀಲ ಎತ್ತಿಕೊಂಡು ಬಹಳ ಹೊತ್ತು ಅಲ್ಲೇ ನಿಂತೆ.

ಇಷ್ಟು ಜನ ಯುದ್ಧದಲ್ಲೇ ಸತ್ತರೇ?

ಮುತ್ತಿಗೆಯಲ್ಲಿ ಸತ್ತ ಅಧಿಕಾರಿಗಳು ಇದ್ದಾರೆ. ಆದರೆ ಆಮೇಲಿನ ವರ್ಷಗಳಲ್ಲಿ ಕೊಂದದ್ದು ಜ್ವರ. ಸುತ್ತ ನದಿ, ನಾಲೆ, ಗದ್ದೆ, ಕೋಟೆಯ ಕಂದಕದಲ್ಲಿ ನಿಂತ ನೀರು. ಮಲೇರಿಯಾ ಸೊಳ್ಳೆಯಿಂದ ಬರುತ್ತದೆಂದು ಆಗ ಯಾರಿಗೂ ತಿಳಿದಿರಲಿಲ್ಲ, ಕೆಟ್ಟ ಗಾಳಿ ಎನ್ನುತ್ತಿದ್ದರು. ಜ್ವರದ ಕಾಟ ತಡೆಯದೆ 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಬೆಂಗಳೂರು ದಂಡು ಪ್ರದೇಶ ಹುಟ್ಟಿದ್ದು ಹಾಗೆ. ಇವತ್ತಿನ ಎಂ.ಜಿ. ರಸ್ತೆ, ಹಲಸೂರು, ಶಿವಾಜಿನಗರಗಳ ಹಿಂದೆ ಶ್ರೀರಂಗಪಟ್ಟಣದ ಸೊಳ್ಳೆಗಳಿವೆ.

ಸ್ಕಾಟ್ ಬಂಗಲೆಯಲ್ಲಿ ದೆವ್ವ ಇದೆಯಂತೆ, ನಿಜವೇ?

ನದಿ ದಡದ ಆ ಬಂಗಲೆಯಲ್ಲಿ ಕರ್ನಲ್ ಸ್ಕಾಟ್ ಎಂಬ ಅಧಿಕಾರಿ ಇದ್ದದ್ದು ನಿಜ. ಅವನು ಊರಿಗೆ ಬರುವಷ್ಟರಲ್ಲಿ ಹೆಂಡತಿ ಮಕ್ಕಳೆಲ್ಲ ಕಾಲರಾದಿಂದ ಸತ್ತಿದ್ದರು, ಅವನು ಹಾಗೇ ನದಿಗೆ ನಡೆದುಹೋದ, ಮನೆಯ ಸಾಮಾನನ್ನು ಯಾರೂ ಮುಟ್ಟಲಿಲ್ಲ ಎಂಬುದು ಊರಿನ ಕಥೆ. ಹೇಳಲಿಕ್ಕೆ ಚೆನ್ನಾಗಿದೆ. ಆದರೆ ಅವನ ಹೆಂಡತಿಯ ಗೋರಿ ಗ್ಯಾರಿಸನ್ ಸ್ಮಶಾನದಲ್ಲೇ ಇದೆ. ದೆವ್ವ ಹುಡುಕಿಕೊಂಡು ರಾತ್ರಿ ಹೊತ್ತು ಮೊಬೈಲು ಹಿಡಿದು ಬಂಗಲೆಯ ಗೋಡೆ ಹತ್ತುವ ಹುಡುಗರಿಗೆ ನಾನು ಹೇಳುವುದು ಇಷ್ಟು: ಹಗಲು ಹೊತ್ತು ಆ ತಾಯಿಯ ಗೋರಿ ನೋಡಿ ಬನ್ನಿ. ಆಮೇಲೆ ವಿಡಿಯೋ ಮಾಡಬೇಕು ಅನ್ನಿಸುವುದಿಲ್ಲ.

ಕೋಟೆಯ ಮೂಲೆಯಲ್ಲಿರುವ ಎತ್ತರದ ಕಂಬ ಯಾವುದು? ಪಾಂಡವಪುರದ ಕಡೆಯೂ ಅಂಥದ್ದೊಂದು ಇದೆಯಲ್ಲ?

ಕೋಟೆಯದು 1799ರ ಮುತ್ತಿಗೆಯ ಸ್ಮಾರಕ. ಬ್ರಿಟಿಷರು ಕಟ್ಟಿಸಿದ್ದು ಅಂದುಕೊಳ್ಳುತ್ತಾರೆ, ಆದರೆ 1907ರಲ್ಲಿ ಮೈಸೂರು ಸರ್ಕಾರ, ನಾಲ್ವಡಿಯವರ ಕಾಲದಲ್ಲಿ ನಿಲ್ಲಿಸಿದ್ದು. ದಾಳಿಯಲ್ಲಿ ಸತ್ತ ಅಧಿಕಾರಿಗಳ ಹೆಸರು ಅದರ ಮೇಲಿದೆ. ಅದೇ ದಿನ ಗೋಡೆಯ ಈಚೆ ಬದಿಯಲ್ಲಿ ಸತ್ತ ಸಾವಿರಾರು ಮೈಸೂರು ಸಿಪಾಯಿಗಳ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ನಾನು ಅಲ್ಲಿಗೆ ಹೋದಾಗಲೆಲ್ಲ ಕಂಬಕ್ಕೆ ಬೆನ್ನು ಮಾಡಿ ಒಳಗಿನ ಕಂದಕದ ಕಡೆಗೂ ಸ್ವಲ್ಪ ಹೊತ್ತು ನೋಡುತ್ತೇನೆ.

ಊರಿನ ಉತ್ತರಕ್ಕೆ ಇರುವ ಇನ್ನೊಂದು ಕಂಬ ಜೊಸಾಯ ವೆಬ್ ಎಂಬ ಕಂಪನಿ ಅಧಿಕಾರಿಯದು. 1804ರಲ್ಲಿ ಅವನು ಸತ್ತ ಮೇಲೆ ಗೆಳೆತನದ ನೆನಪಿಗೆ ದಿವಾನ್ ಪೂರ್ಣಯ್ಯ ನಿಲ್ಲಿಸಿದ್ದು. ಕಾವೇರಿಗೆ ಅಡ್ಡಲಾಗಿ ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆ ಕಟ್ಟಿಸಿದವರೂ ಅವರೇ, ಅದೇ ಕಾಲದಲ್ಲಿ. ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಅಲ್ಲಿ ಬೀಡುಬಿಟ್ಟಿದ್ದರು.

ಗಂಜಾಮಿನ ಇಗರ್ಜಿಗೆ ಇದರಲ್ಲಿ ಏನು ಸಂಬಂಧ?

ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿ ಕೋಟೆ ಬಿದ್ದ ಮೇಲೆ ಇಲ್ಲಿಗೆ ಬಂದು ನೆಲೆನಿಂತರು. 1823ರಲ್ಲಿ ದೇಶ ಬಿಡುವವರೆಗೂ ಈ ನಾಡಿನವರಂತೆಯೇ ಬಟ್ಟೆ ತೊಟ್ಟು, ಇಲ್ಲಿನ ಊಟವನ್ನೇ ಉಂಡು ಬದುಕಿದರು. ಸಿಡುಬಿನ ಲಸಿಕೆ ಹೊಸದಾಗಿ ಬಂದ ಕಾಲದಲ್ಲಿ ಸಾವಿರಾರು ಜನಕ್ಕೆ ಹಾಕಿಸಿದರು. ಸಾವಿನ ಜಾಗಗಳನ್ನೇ ಸುತ್ತುವ ದಿನ, ಸಾವನ್ನು ತಡೆದ ಒಬ್ಬರ ಜಾಗವನ್ನೂ ನೋಡಿ.

ನಮ್ಮನ್ನು ಆಳಿದವರ ಗೋರಿಗಳನ್ನು ನಾವೇಕೆ ಕಾಪಾಡಬೇಕು?

ಈ ಪ್ರಶ್ನೆ ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಉತ್ತರ ಇಷ್ಟೇ: ಗೋರಿ ಕಾಪಾಡುವುದೆಂದರೆ ಕಂಪನಿ ಸರ್ಕಾರಕ್ಕೆ ನಮಸ್ಕಾರ ಹೊಡೆಯುವುದಲ್ಲ. ಇಲ್ಲಿ ಏನು ನಡೆಯಿತು ಎಂಬುದಕ್ಕೆ ಈ ಕಲ್ಲುಗಳು ಸಾಕ್ಷಿ. ಸಾಕ್ಷಿಯನ್ನು ಅಳಿಸಿದರೆ ನಷ್ಟ ಸತ್ತವರಿಗಲ್ಲ, ನಮಗೆ. ಅಲ್ಲದೆ ಸತ್ತವರಿಗೆ ಒಂದು ಹಿಡಿ ಮಣ್ಣು ಹಾಕಿಯೇ ಮುಂದೆ ಹೋಗುವುದು ನಮ್ಮ ಊರುಗಳ ರೀತಿ. ಶವ ಯಾರದೆಂದು ಕೇಳಿ ಆಮೇಲೆ ಹಾಕುವುದಿಲ್ಲ.

ಟಿಪ್ಪು ಒಳ್ಳೆಯವನೋ ಕೆಟ್ಟವನೋ?

ಅದನ್ನು ತೀರ್ಮಾನ ಮಾಡಲಿಕ್ಕೆ ನಾನು ಊರೂರು ತಿರುಗುತ್ತಿಲ್ಲ. ಎರಡು ಜಾಗಕ್ಕೆ ಹೋಗಿ ಎನ್ನುತ್ತೇನೆ. ಒಂದು ಗುಂಬಜ್, ಅಲ್ಲಿ ಇವತ್ತಿಗೂ ಜನ ಹೂವಿನ ಚಾದರ ಹೊದಿಸುತ್ತಾರೆ. ಇನ್ನೊಂದು ಮೇಲುಕೋಟೆ, ಅಲ್ಲಿನ ಮಂಡ್ಯಂ ಅಯ್ಯಂಗಾರ್ ಮನೆಗಳಲ್ಲಿ ನರಕ ಚತುರ್ದಶಿ ಆಚರಿಸುವುದಿಲ್ಲ. ಟಿಪ್ಪುವಿನ ಕಾಲದಲ್ಲಿ ತಮ್ಮ ಹಿರಿಯರು ಆ ದಿನ ಹತರಾದರು ಎಂಬ ನೆನಪು ಅದು. ಎಣ್ಣೆ ಸ್ನಾನವಿಲ್ಲದ ಹಬ್ಬದ ದಿನ ಎನ್ನುವುದೂ ಒಂದು ಸ್ಮಾರಕವೇ, ಕಲ್ಲಿಲ್ಲದ್ದು. ಈ ಎರಡೂ ಇರುವುದು ಒಂದೇ ಜಿಲ್ಲೆಯಲ್ಲಿ.

ವೀರಗಲ್ಲು, ಮಾಸ್ತಿಗಲ್ಲು: ಗುರುತು ಹಿಡಿಯುವುದು ಹೇಗೆ?

ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ: ಬಿಲ್ಲು, ಕತ್ತಿ, ಕುದುರೆ, ಕೆಲವೊಮ್ಮೆ ಪಕ್ಕದಲ್ಲಿ ದನಗಳ ಸಾಲು. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು. ಮೇಲೆ ಶಿವಲಿಂಗ, ಪೂಜಾರಿ, ಕೈಮುಗಿದು ಕುಳಿತ ವೀರ. ತುದಿಯಲ್ಲಿ ಸೂರ್ಯ ಚಂದ್ರ, ಅಂದರೆ ಅವು ಇರುವವರೆಗೂ ಈ ಹೆಸರು ಇರಲಿ ಎಂದು. ದನಗಳಿದ್ದರೆ ಅದು ತುರುಗೊಳ್, ದನ ಹೊಡೆದುಕೊಂಡು ಹೋದವರನ್ನು ತಡೆಯಲು ಹೋಗಿ ಸತ್ತವನು. ಶಾಸನಗಳಲ್ಲಿ ಊರಳಿವು, ಪೆಣ್ಬುಯ್ಯಲ್ ಎಂಬ ಮಾತುಗಳೂ ಬರುತ್ತವೆ: ಊರಿನ ಮೇಲೆ ಬಿದ್ದ ದಾಳಿ, ಹೆಣ್ಣುಮಕ್ಕಳ ಮೊರೆ. ರಾಜರಲ್ಲ, ಇವರು ನಮ್ಮಂಥ ಊರಿನವರು. ಅವರಲ್ಲಿ ಹೆಚ್ಚಿನವರು ಸತ್ತದ್ದು ತಮ್ಮ ಹಟ್ಟಿಯ ಹಸುವಿಗಾಗಿ.

ಮಾಸ್ತಿಗಲ್ಲಿನ ಗುರುತು ಕೈ. ಕಂಬದಿಂದ ಹೊರಚಾಚಿ ಮೇಲೆತ್ತಿದ ತೋಳು, ಮೊಣಕೈವರೆಗೂ ಬಳೆ, ಬೆರಳ ನಡುವೆ ಒಂದು ನಿಂಬೆಹಣ್ಣು. ಗಂಡನ ಚಿತೆಯೇರಿದ ಹೆಂಗಸಿನ ಕಲ್ಲು ಅದು. ನಮ್ಮ ಸೋದರತ್ತೆಯ ಊರಿನ ಕೆರೆ ಏರಿಯ ಕೆಳಗೆ ಒಂದಿದೆ. ಚಿಕ್ಕವನಿದ್ದಾಗ ಅದಕ್ಕೆ ಒರಗಿಕೊಂಡು ಕೂತಿದ್ದೆ. ಅತ್ತೆ ಬಟ್ಟೆ ಒಗೆಯುವುದನ್ನು ಬಿಟ್ಟು ಎದ್ದು ಬಂದು, "ಏಳಪ್ಪ ಮಗ, ಅದು ಮಾಸ್ತಮ್ಮ ಕಣಪ್ಪ, ಅವ್ವನಿಗೆ ಬೆನ್ ಕೊಟ್ಕಂಡ್ ಕೂರ್ಬಾರ್ದು" ಎಂದರು. ಬಳೆಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದ್ದು ಆವತ್ತೇ. ಆ ಸಾವನ್ನು ನಾನು ಕೊಂಡಾಡುವುದಿಲ್ಲ, ಆ ಹೆಂಗಸಿಗೆ ಬೇರೆ ದಾರಿ ಇತ್ತೋ ಇಲ್ಲವೋ ಕಲ್ಲು ಹೇಳುವುದಿಲ್ಲ. ಅವಳನ್ನು ಮರೆಯಬಾರದು ಅಷ್ಟೇ.

ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಗೆ ಹೋದರೆ ಮೂರನೆಯ ಬಗೆಯದು ಸಿಗುತ್ತದೆ: ಗರುಡಗಂಬಗಳು. ತುದಿಯಲ್ಲಿ ಆನೆ ಮತ್ತು ಗರುಡನ ಶಿಲ್ಪ. ಹೊಯ್ಸಳ ದೊರೆ ಸತ್ತರೆ ತಾವೂ ಸಾಯುತ್ತೇವೆಂದು ಭಾಷೆ ಕೊಟ್ಟು, ಹಾಗೇ ಪ್ರಾಣ ಬಿಟ್ಟ ಒಂದು ಮನೆತನದ ತಲೆಮಾರುಗಳ ನೆನಪು ಅವು.

ನಾಯಿಗೂ ವೀರಗಲ್ಲು ಇದೆ ಎನ್ನುತ್ತಾರಲ್ಲ?

ಇದೆ. ಅದು ಮದ್ದೂರು ತಾಲ್ಲೂಕಿನ ಆತಕೂರಿನದು. ನನಗೆ ಅತ್ಯಂತ ಪ್ರೀತಿಯ ಕಲ್ಲು ಇದೇ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಾಲ 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ. ಅವನ ಕಡೆಯಿಂದ ಹೋರಾಡಿದ ಗಂಗರ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ದಂಡಿನಲ್ಲಿ ಮಣಲೆರ ಎಂಬ ವೀರ. ಅವನ ಪರಾಕ್ರಮಕ್ಕೆ ಮೆಚ್ಚಿ "ಬೇಕಾದ್ದು ಕೇಳು" ಎಂದಾಗ ಮಣಲೆರ ಊರನ್ನೂ ಕೇಳಲಿಲ್ಲ, ಹೊನ್ನನ್ನೂ ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೊಡಿ ಎಂದ. ಆಮೇಲೆ ಬೆಳತೂರಿನ ಕಡೆಯ ಬೆಟ್ಟದಲ್ಲಿ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಕಚ್ಚಾಡಿ ಜೊತೆಗೇ ಸತ್ತವು.

ಕಾಳಿಗಾಗಿ ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಕೆರೆಯ ಕೆಳಗೆ ಭೂಮಿ ಬಿಟ್ಟರು. ಪೂಜೆ ಮಾಡುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂದೂ ಬರೆಸಿದರು. ಒಂದು ಚಕ್ರವರ್ತಿಯ ದೊಡ್ಡ ಗೆಲುವಿನ ಸುದ್ದಿ ನಮಗೆ ಸಿಕ್ಕಿರುವುದು ಒಂದು ನಾಯಿಯ ಸಮಾಧಿ ಬರಹದಲ್ಲಿ. ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಮತ್ತು ಹಂದಿ ಎದುರುಬದುರಾಗಿವೆ. ನೋಡಬೇಕಾದರೆ ಆತಕೂರಿಗಲ್ಲ, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ.

ನಮ್ಮ ಜಮೀನಿನಲ್ಲಿ ಕೆತ್ತನೆಯ ಕಲ್ಲು ಸಿಕ್ಕಿದೆ. ಏನು ಮಾಡಬೇಕು?

ಮೊದಲು ಟ್ರ್ಯಾಕ್ಟರ್, ಜೆಸಿಬಿ ನಿಲ್ಲಿಸಿ. ಕಲ್ಲನ್ನು ಎಬ್ಬಿಸಬೇಡಿ, ತಿರುಗಿಸಬೇಡಿ. ಅದು ಇರುವ ಜಾಗ ಮತ್ತು ಮುಖ ಮಾಡಿರುವ ದಿಕ್ಕು ಕೂಡ ಒಂದು ಮಾಹಿತಿ. ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ, ಒಂದರಲ್ಲಿ ಅಳತೆಗೆ ಕೊಡಲಿ ಕಾವೋ ಅಡಿಕೋಲೋ ಪಕ್ಕದಲ್ಲಿರಲಿ. ಸರ್ವೆ ನಂಬರು ಬರೆದಿಡಿ. ತಹಶೀಲ್ದಾರರ ಕಚೇರಿಗೆ ಅಥವಾ ಮೈಸೂರಿನಲ್ಲಿರುವ ರಾಜ್ಯ ಪುರಾತತ್ತ್ವ ಇಲಾಖೆಗೆ ತಿಳಿಸಿ.

ಜಮೀನು ಹೋಗಿಬಿಡುತ್ತದೆ ಎಂಬ ಭಯವೇ ಎಲ್ಲರ ಬಾಯಿ ಕಟ್ಟುವುದು. ಒಂದು ವೀರಗಲ್ಲು ಸಿಕ್ಕಿತೆಂದು ಹೊಲ ಕಿತ್ತುಕೊಳ್ಳುವುದಿಲ್ಲ. ಜಾಗವನ್ನು ಸಂರಕ್ಷಿತ ಎಂದು ಘೋಷಿಸಲು ಅಧಿಸೂಚನೆ ಹೊರಡಿಸಿ, ಆಕ್ಷೇಪಣೆಗೆ ಕಾಲ ಕೊಡಬೇಕು. ಆದರೆ ನಾಣ್ಯ, ಒಡವೆ ಇತ್ಯಾದಿ ಸಿಕ್ಕಿದರೆ 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ವೀರಗಲ್ಲಿನ ಕೆಳಗೆ ನಿಧಿ ಇರುತ್ತದೆ ಎಂದು ಅಮಾವಾಸ್ಯೆ ರಾತ್ರಿ ಅಗೆಯುವವರಿಗೆ ಒಂದೇ ಮಾತು: ಇಲ್ಲ. ಅದು ಸಾವಿನ ಗುರುತು, ದುಡ್ಡಿನ ಗುರುತಲ್ಲ. ಆ ಆಸೆಗೆ ಬಲಿಯಾಗಿ ಎರಡು ತುಂಡಾದ ಕಲ್ಲುಗಳನ್ನು ನೋಡಿ ಕಣ್ಣೀರು ಬಂದಿದೆ.

ಅಕ್ಷರ ಮಸುಕಾಗಿದೆ. ಓದುವುದು ಹೇಗೆ?

ಬೆಳಕನ್ನು ಓರೆಯಾಗಿ ಬೀಳಿಸಿ. ಬೆಳಿಗ್ಗೆ, ಸಂಜೆ ಸೂರ್ಯನೇ ಆ ಕೆಲಸ ಮಾಡುತ್ತಾನೆ. ಮಧ್ಯಾಹ್ನವಾದರೆ ಒಂದು ಕನ್ನಡಿಯಿಂದ ಬಿಸಿಲನ್ನು ಪಕ್ಕದಿಂದ ಹಾಯಿಸಿ, ನೆರಳಿನಲ್ಲಿದ್ದರೆ ಮೊಬೈಲಿನ ಟಾರ್ಚನ್ನು ಕಲ್ಲಿಗೆ ಒತ್ತಿ ಹಿಡಿಯಿರಿ. ಧೂಳಿಗೆ ಮೆತ್ತನೆಯ ಬಟ್ಟೆ, ಬರೀ ನೀರು ಸಾಕು.

ಸೀಮೆಸುಣ್ಣ ತುಂಬಬೇಡಿ. ಅರಿಶಿನ, ಎಣ್ಣೆ, ಮೈದಾ, ಬಣ್ಣ ಯಾವುದೂ ಬೇಡ. ತಂತಿ ಬ್ರಷ್ಷಿನಿಂದ ಉಜ್ಜಿದರೆ ಪಾಚಿಯ ಜೊತೆ ಅಕ್ಷರವೂ ಉದುರುತ್ತದೆ. ಒಂದು ಊರಿನಲ್ಲಿ ಭಕ್ತಿಯಿಂದಲೇ ಶಾಸನದ ಕಲ್ಲಿಗೆ ಆಯಿಲ್ ಪೇಂಟ್ ಹೊಡೆಸಿದ್ದರು. ಏಳೆಂಟು ಸಾಲು ಹೋಯಿತು. ಅದನ್ನು ಮತ್ತೆ ಯಾರೂ ಓದುವಂತಿಲ್ಲ.

ನಮ್ಮೂರಿನ ಶಾಸನದ ಪಾಠ ಎಲ್ಲಿ ಸಿಗುತ್ತದೆ?

ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ. ಬಿ.ಎಲ್. ರೈಸ್ ಅವರ ಮೂರನೆಯ ಸಂಪುಟ 1894ರದು, ಶ್ರೀರಂಗಪಟ್ಟಣ, ಮಂಡ್ಯ ತಾಲ್ಲೂಕುಗಳು ಅದರಲ್ಲಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ತಂದ ಪರಿಷ್ಕೃತ ಮುದ್ರಣದಲ್ಲಾದರೆ 6 ಮತ್ತು 7ನೇ ಸಂಪುಟ ನೋಡಿ. ತಾಲ್ಲೂಕು, ಊರು, ಸಂಖ್ಯೆ ಹೀಗೆ ಜೋಡಿಸಿದ್ದಾರೆ. ನಿಮ್ಮೂರಿನ ಹೆಸರು ಸಾವಿರ ವರ್ಷದ ಹಿಂದೆ ಹೇಗಿತ್ತೆಂದು ಅಲ್ಲಿ ಓದಿದಾಗ ಆಗುವ ಸಂತೋಷವನ್ನು ನಾನು ಹೇಳಿ ತಿಳಿಸಲಾರೆ.

ವಿದೇಶದ ಗೆಳೆಯರೊಬ್ಬರು ಪೂರ್ವಜರ ಗೋರಿ ಹುಡುಕುತ್ತಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಊರಿನ ಹೆಸರನ್ನು ಸೆರಿಂಗಪಟಂ ಎಂದು ಹುಡುಕಲು ಹೇಳಿ, ಹಳೇ ದಾಖಲೆಗಳಲ್ಲಿ ಹಾಗೇ ಇದೆ. ಇಲ್ಲಿನ ದಂಡು ಮದರಾಸು ಪ್ರೆಸಿಡೆನ್ಸಿಗೆ ಸೇರಿತ್ತು. ಆದ್ದರಿಂದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ಪಟ್ಟಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಮದರಾಸಿನ ವಿಭಾಗದಲ್ಲಿವೆ. ದಕ್ಷಿಣ ಏಷ್ಯಾದ ಯುರೋಪಿಯನ್ ಸ್ಮಶಾನಗಳಿಗಾಗಿಯೇ 1976ರಲ್ಲಿ ಹುಟ್ಟಿದ ಬಾಕ್ಸಾ ಎಂಬ ಸಂಘವೂ ಇದೆ. ಸಾಮಾನ್ಯ ಸಿಪಾಯಿಯಾಗಿದ್ದರೆ ಗೋರಿ ಸಿಗುವ ಆಸೆ ಕಡಿಮೆ ಎಂದು ಮೊದಲೇ ಹೇಳಿಬಿಡಿ. ಕಲ್ಲು ಕೆತ್ತಿಸುವ ದುಡ್ಡು ಅಧಿಕಾರಿಗಳ ಮನೆಯವರಿಗೇ ಇದ್ದದ್ದು.

ಸ್ಮಾರಕದ ಪಕ್ಕ ಮನೆ ಕಟ್ಟಬಹುದೇ?

ಕೇಂದ್ರ ಸಂರಕ್ಷಿತ ಸ್ಮಾರಕವಾದರೆ ಅದರ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅಲ್ಲಿಂದಾಚೆ ಇನ್ನು 200 ಮೀಟರ್ ಅನುಮತಿ ಬೇಕು. 1958ರ ಕಾಯ್ದೆಗೆ 2010ರಲ್ಲಿ ಸೇರಿಸಿದ ನಿಯಮ ಇದು. ಸ್ಮಾರಕ ಹಾಳುಮಾಡಿದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಕೋಟೆಯೊಳಗೆ ತಲೆಮಾರುಗಳಿಂದ ಇರುವವರಿಗೆ ಇದು ಕಷ್ಟವೇ. ಒಂದು ಹಂಚು ಬದಲಾಯಿಸಲೂ ಕಚೇರಿ ಅಲೆದವರ ನೋವು ನನಗೆ ಗೊತ್ತು. ಅವರನ್ನು ಒತ್ತುವರಿದಾರರೆಂದು ಬೈಯುವುದು ನ್ಯಾಯವಲ್ಲ, ದುರಸ್ತಿಯ ಅನುಮತಿ ಬೇಗ ಸಿಗುವಂತಾಗಬೇಕು.

ಸ್ಮಾರಕವನ್ನೇ ಎತ್ತಿ ಬೇರೆ ಕಡೆ ಇಟ್ಟದ್ದು ನಿಜವೇ?

ನಿಜ. ಜೋಡಿ ರೈಲುಹಳಿಗೆ ಅಡ್ಡ ಬಂದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಇಡಿಯಾಗಿ ಜಾಕ್ ಕೊಟ್ಟು ಎತ್ತಿ, ನೂರು ಮೀಟರಿಗೂ ಆಚೆ ಸರಿಸಿದರು. ಸುಮಾರು ಸಾವಿರ ಟನ್ ತೂಕ. ಒಡೆಯುವುದು ಸುಲಭವಿತ್ತು, ಒಡೆಯಲಿಲ್ಲ.

ಇಲ್ಲಿ ಹಿಂದೂಗಳ ಹಳೇ ಸ್ಮಶಾನ ಯಾಕೆ ಕಾಣುವುದಿಲ್ಲ?

ಸುಟ್ಟವರ ನೆನಪು ನದಿಯಲ್ಲಿ. ಪಶ್ಚಿಮವಾಹಿನಿ, ಗೋಸಾಯಿ ಘಾಟ್, ಸಂಗಮ ಇವೆಲ್ಲ ಅಸ್ಥಿ ಬಿಡುವ ಜಾಗಗಳು. ಪಶ್ಚಿಮವಾಹಿನಿಯಲ್ಲಿ ಕಾವೇರಿ ಸ್ವಲ್ಪ ದೂರ ಪಡುವಣಕ್ಕೆ ತಿರುಗುತ್ತಾಳೆ, ಅದಕ್ಕೇ ಆ ಹೆಸರು. 1948ರ ಫೆಬ್ರುವರಿಯಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದು ಭಾಗವನ್ನು ಬಿಟ್ಟದ್ದೂ ಅಲ್ಲೇ. ಹೂಳುವ ಪದ್ಧತಿಯ ಮನೆಗಳವರ ಸಮಾಧಿಗಳು ಅವರವರ ಹೊಲದ ಬದುವಿನಲ್ಲಿವೆ. ಪಿತೃಪಕ್ಷದಲ್ಲಿ ಎಡೆ ಇಡುವಾಗ ಹೋಗಿ ನೋಡಿ, ಬದುವಿನ ಆ ಗುಡ್ಡೆ ಯಾರದೆಂದು ಮನೆಯ ಹಿರಿಯರನ್ನು ಕೇಳಿ ಹೆಸರು ಬರೆದಿಟ್ಟುಕೊಳ್ಳಿ. ಅವಕ್ಕೆ ಅಕ್ಷರವಿಲ್ಲ, ಹೇಳುವವರು ಹೋದರೆ ಹೆಸರೂ ಹೋಯಿತು.

ನದಿಗೆ ಬಿಡುವಾಗ ಅಸ್ಥಿಯನ್ನಷ್ಟೇ ಬಿಡಿ. ಪ್ಲಾಸ್ಟಿಕ್ ಚೀಲ, ಸತ್ತವರ ಬಟ್ಟೆ, ಫೋಟೊ ಚೌಕಟ್ಟು ಬೇಡ.

ಗೋರಿಗಳ ಜಾಗಕ್ಕೆ ಹೋಗಿ ಬಂದರೆ ಸ್ನಾನ ಮಾಡಬೇಕೇ? ಮಕ್ಕಳನ್ನು ಕರೆದುಕೊಂಡು ಹೋಗಬಹುದೇ?

ಹೆಂಗಸರು ಅತಿ ಹೆಚ್ಚು ಕೇಳುವುದು ಇದನ್ನೇ. ನಿಮ್ಮ ಮನೆಯ ರೂಢಿ ಹಾಗಿದ್ದರೆ ಸ್ನಾನ ಮಾಡಿ, ಅದರಲ್ಲಿ ತಪ್ಪೇನಿಲ್ಲ. ನಮ್ಮಮ್ಮ ನಾನು ಗ್ಯಾರಿಸನ್ ಸ್ಮಶಾನದಿಂದ ಬಂದಾಗಲೆಲ್ಲ ಹಿತ್ತಿಲ ಬಾಗಿಲಲ್ಲಿ ಒಂದು ಬಿಂದಿಗೆ ನೀರು ಇಟ್ಟಿರುತ್ತಿದ್ದರು. ಕಾಲು ತೊಳೆದು ಒಳಗೆ ಬಂದ ಮೇಲೆ, "ಇವತ್ತು ಯಾರದ್ದು ಓದ್ದೆ?" ಎಂದು ಕೇಳುತ್ತಿದ್ದರು. ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ. ನೀರಿನ ಬಾಟಲಿ, ಟೋಪಿ, ಮುಳ್ಳು ಚುಚ್ಚದ ಚಪ್ಪಲಿ ಇರಲಿ. ಮಳೆಗಾಲದಲ್ಲಿ ಹುಲ್ಲು ಎತ್ತರವಿರುತ್ತದೆ, ಹಾವಿರುತ್ತದೆ. ಕೋಲು ಬಡಿಯುತ್ತಾ ನೀವು ಮುಂದೆ ನಡೆಯಿರಿ, ಮಕ್ಕಳು ಹಿಂದೆ ಬರಲಿ.